ಗೋಣಿ ಸೊಪ್ಪಿನ ಮೇಲೆ ಬಂದ ಅಪವಾದ

ನಮ್ಮೂರಲ್ಲಿ ಈಗ ಒಂದು ಮಾತು ಹಬ್ಬಿದೆ. ಗೋಣಿ ಸೊಪ್ಪು ತಿಂದ್ರೆ ಭೇದಿ ಆಗುತ್ತೆ, ಬೆರಕೆ ಸೊಪ್ಪಿಗೆ ಅದನ್ನ ಸೇರಿಸಬೇಡಿ ಅಂತ. ಕಾರಣ ಇಷ್ಟೇ. ಹೋದ ತಿಂಗಳು ನಮ್ಮ ಬೀದಿಯ ಒಂದು ಮನೇಲಿ ಮಸ್ಸೊಪ್ಪು ಉಂಡ ಮೂರು ಜನ ರಾತ್ರಿಯೆಲ್ಲಾ ಚೊಂಬು ಹಿಡ್ಕೊಂಡು ಓಡಾಡಿದರು. ಮಾರನೇ ದಿನ ಅವರು ಸೋಸಿ ಹಿತ್ತಿಲಿಗೆ ಎಸೆದಿದ್ದ ಕಡ್ಡಿಗಳನ್ನ ಕೆದಕಿ ನೋಡಿದೆ. ಅರ್ಧಕ್ಕರ್ಧ ಗೋಣಿ ಸೊಪ್ಪೇ ಅಲ್ಲ! ಅದೇ ಕಾರಣ ಅಂತ ಆಣೆ ಮಾಡಿ ಹೇಳಲ್ಲ, ಆದರೆ ಅನುಮಾನ ಅದರ ಮೇಲೇ.

ನಮ್ಮ ಕಡೆ ಮಣ್ಣು ನಿಮಗೆಲ್ಲ ಗೊತ್ತು. ಬಂಡೆ ಕರಗಿ ಆದ ಮರಳು ಮಿಶ್ರಿತ ಕೆಂಪು ಮಣ್ಣು. ಕಣ್ವ ಹೊಳೆ ಮಗ್ಗುಲು, ಅರ್ಕಾವತಿ ದಂಡೆ, ಮಾಗಡಿ ಕಡೆ ಬಂಡೆ ಬುಡದಲ್ಲಿ ಮಳೆನೀರು ತಂದು ಗುಡ್ಡೆ ಹಾಕಿದ ಮರಳು, ಹಿಪ್ಪುನೇರಳೆ ಸಾಲಿನ ಮಧ್ಯದ ಜಾಗ. ಇಂಥ ಕಡೆ ಒಂದು ಮಳೆ ಬಿದ್ದು ವಾರ ಕಳೆದ್ರೆ ಸಾಕು, ದಪ್ಪ ಎಲೆಯ, ನೆಲಕ್ಕೆ ಅಂಟಿಕೊಂಡು ಹಬ್ಬೋ ಗಿಡಗಳು ಒಟ್ಟಿಗೇ ಏಳ್ತವೆ. ದೂರದಿಂದ ಎಲ್ಲಾ ಒಂದೇ. ಹತ್ತಿರ ಕೂತು ನೋಡಿದ್ರೆ ಬೇರೆ ಬೇರೆ.

ಮೊದಲನೇದು ದೊಡ್ಡ ಗೋಣಿ, ಪುಸ್ತಕದಲ್ಲಿ ಪೋರ್ಚುಲಾಕ ಓಲರೇಸಿಯಾ. ಕೆಂಪು ಛಾಯೆಯ ನುಣ್ಣನೆ ಕಾಂಡ, ಒಂದು ಕೂದಲೂ ಇಲ್ಲ. ಎಲೆ ಚಮಚದ ಥರ, ಬಾಯಿಗೆ ಹಾಕಿದ್ರೆ ಹುಳಿ. ಹೂವು ಹಳದಿ, ಸಾಮಾನ್ಯವಾಗಿ ಐದು ಎಸಳು, ಕವಲಿನ ತುದಿಯಲ್ಲಿ ಎಲೆಗುಚ್ಛದ ನಡುವೆ ಕೂತಿರುತ್ತೆ. ಎರಡನೇದು ಅದರ ತಂಗಿ, ಸಣ್ಣ ಗೋಣಿ, ಪೋರ್ಚುಲಾಕ ಕ್ವಾಡ್ರಿಫಿಡಾ. ಇದರದ್ದು ದಾರದಂಥ ಕಾಂಡ, ಗಿಣ್ಣು ಗಿಣ್ಣಿಗೂ ಬೇರು, ಗಿಣ್ಣಲ್ಲಿ ಬಿಳಿ ಕೂದಲು, ಎಲೆ ಎದುರುಬದುರು. ಹೂವು ಇದರದ್ದೂ ಹಳದಿ, ಆದರೆ ಎಸಳು ನಾಲ್ಕೇ. ಹೆಸರಿನ ಅರ್ಥವೂ ನಾಲ್ಕು ಸೀಳು ಅಂತಲೇ. ಎರಡೂ ತಿನ್ನೋ ಸೊಪ್ಪೇ. ಸಣ್ಣದನ್ನ ಬಿಡಿಸೋಕೆ ಸಹನೆ ಬೇಕು. ನಮ್ಮವ್ವನಿಗಿತ್ತು, ನನಗಿಲ್ಲ.

ಇದೇ ಬಳಗದಲ್ಲಿ ಸೂಜಿ ಎಲೆಯ, ಎಲೆಬುಡದಲ್ಲಿ ಹತ್ತಿಯಂತೆ ಕೂದಲಿರೋ, ಗುಲಾಬಿ ಬಣ್ಣದ ಪುಟ್ಟ ಹೂವಿನ ಇನ್ನೊಂದಿದೆ. ಮನೆ ಮುಂದೆ ಕುಂಡದಲ್ಲಿ ಬೆಳೆಸೋ ಟೇಬಲ್ ರೋಸ್‌ಗೆ ಹತ್ತಿರದ ನೆಂಟ. ಅದನ್ನ ಅಡಿಗೆಗೆ ಯಾರೂ ಕೀಳಲ್ಲ, ಬಿಡಿ.

ತೊಂದರೆ ಇರೋದು ಬೇರೆ ಕುಲದ ಒಂದರಲ್ಲಿ. ನಮ್ಮನೇಲಿ ಅದನ್ನ ಹುಚ್ಚು ಗೋಣಿ ಅಂತೀವಿ. ಲಿನೇಯಸ್ 1753ರಲ್ಲಿ ಅದಕ್ಕೆ ಟ್ರಯಾಂಥೆಮಾ ಪೋರ್ಚುಲಾಕಾಸ್ಟ್ರಂ ಅಂತ ಹೆಸರಿಟ್ಟ, ಗೋಣಿಯನ್ನ ಹೋಲೋದು ಅಂತ ಅರ್ಥ. ಇನ್ನೂರೆಪ್ಪತ್ತು ವರ್ಷದ ಹಿಂದೆ ಅವನಿಗೂ ಇದು ಕಣ್ಣಿಗೆ ಬಿದ್ದಿತ್ತು ನೋಡಿ. ಎಳೆಯದಾಗಿದ್ದಾಗ ಇದನ್ನೂ ಬೇಯಿಸಿ ತಿನ್ನೋರಿದ್ದಾರೆ. ಬಲಿತರೆ ಹೊಟ್ಟೆ ಕೆಡಿಸುತ್ತೆ.

ಗುರುತು ಹಿಡಿಯೋಕೆ ಒಂದು ಗಿಣ್ಣು ಸಾಕು. ಜೋಡಿ ಎಲೆಯಲ್ಲಿ ಒಂದು ದೊಡ್ಡದು, ಎದುರಿಗಿರೋದು ಚಿಕ್ಕದು. ಎಲೆತೊಟ್ಟಿನ ಬುಡ ಅಗಲವಾಗಿ ಕಾಂಡಕ್ಕೆ ಚೀಲದ ಥರ ಸುತ್ತಿಕೊಂಡಿರುತ್ತೆ. ಹೂವು ಆ ಚೀಲದೊಳಗೇ ಅಡಗಿರುತ್ತೆ, ಬಿಳಿ ಅಥವಾ ತೆಳು ಗುಲಾಬಿ, ಹಳದಿ ಅಂತೂ ಅಲ್ಲ. ಗೋಣಿ ತುದಿಯಲ್ಲಿ ಹೂ ಬಿಟ್ರೆ ಇದು ಗಿಣ್ಣು ಗಿಣ್ಣಿಗೂ ಬಿಡುತ್ತೆ. ಎಲೆ ಸಣ್ಣದು ದೊಡ್ಡದು ಅನ್ನೋದನ್ನಷ್ಟೇ ನಂಬಬೇಡಿ. ಕೊಮ್ಮೆ ಸೊಪ್ಪಲ್ಲೂ ಜೋಡಿ ಎಲೆ ಅಸಮ. ಆದರೆ ಕೊಮ್ಮೆ ಹೂವು ಉದ್ದನೆ ಕಡ್ಡಿ ತುದಿಯಲ್ಲಿ ಕಡು ಗುಲಾಬಿ ಚುಕ್ಕೆಯಂತಿರುತ್ತೆ, ಕಾಯಿ ಪಂಚೆಗೆ ಅಂಟುತ್ತೆ. ಮುರಿದಾಗ ಹಾಲು ಬಂದ್ರೆ ಅದು ಇದ್ಯಾವುದೂ ಅಲ್ಲ, ಹಾಲುಗಿಡದ ಜಾತಿ. ಅಲ್ಲೇ ಬಿಸಾಕಿ.

ಸೊಪ್ಪು ಕೀಳೋಕೆ ಬೆಳಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಹೋಗಿ ಅನ್ನೋದು ಇದಕ್ಕೇ. ಬಿಸಿಲು ಬಿದ್ದ ಮೇಲೆ ಗೋಣಿ ಹೂ ಬಿರಿಯುತ್ತೆ, ಮಧ್ಯಾಹ್ನದ ಹೊತ್ತಿಗೆ ಮುದುಡುತ್ತೆ. ಆರು ಗಂಟೆ ಮಬ್ಬಲ್ಲಿ ಕಿತ್ತು ತಂದ್ರೆ ಹಳದಿ ಯಾವುದು ಬಿಳಿ ಯಾವುದು ಯಾರಿಗೆ ಕಾಣುತ್ತೆ? ಮಕ್ಕಳನ್ನೂ ಜೊತೆಗೆ ಕರ್ಕೊಂಡು ಹೋಗಿ, ಎಸಳು ಎಣಿಸೋ ಕೆಲಸ ಅವರಿಗೆ ಕೊಡಿ. ಅವರ ಕಣ್ಣು ನಮ್ಮದಕ್ಕಿಂತ ಚುರುಕು.

ಇನ್ನೊಂದು ಮಾತು ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. ತೆಂಗಿನ ತೋಟಕ್ಕೋ ಬದುವಿಗೋ ಕಳೆ ಔಷಧಿ ಹೊಡೆದೋರು ದಯವಿಟ್ಟು ಅಕ್ಕಪಕ್ಕದೋರಿಗೆ ಹೇಳಿ. ಗೋಣಿ ಎಲೆಯಲ್ಲಿ ನೀರು ತುಂಬಿರುತ್ತೆ, ಔಷಧಿ ಬಿದ್ದ ಮೇಲೂ ಕೆಲವು ದಿನ ಹಸಿರಾಗೇ ಕಾಣಬಹುದು. ಕೂಲಿಗೆ ಬಂದ ಹೆಂಗಸರು ಸಂಜೆ ಮನೆಗೆ ಹೋಗುವಾಗ ಮಡಿಲಿಗೆ ನಾಲ್ಕು ಹಿಡಿ ಹಾಕ್ಕೊಳ್ಳೋದು ನಮ್ಮ ತೋಟದಿಂದಲೇ ತಾನೇ? ಅವರಿಗೆ ಹೇಳೋರು ಯಾರು?

ನಿಜವಾದ ಗೋಣಿಯಲ್ಲೂ ಒಂದು ಎಚ್ಚರ ಬೇಕು. ಅದರಲ್ಲಿ ಆಕ್ಸಲೇಟ್ ಜಾಸ್ತಿ. ಕಿಡ್ನಿ ಕಲ್ಲು ಇರೋರು ದೂರ ಇರೋದೇ ಒಳ್ಳೇದು. ಬೇಯಿಸಿ ನೀರು ಬಸಿದ್ರೆ ಒಂದಷ್ಟು ಕಡಿಮೆ ಆಗುತ್ತೆ, ಆದರೆ ನಾವು ಆ ಬಸಿದ ನೀರಲ್ಲೇ ಬಸ್ಸಾರು ಮಾಡೋ ಜನ! ಮಿಕ್ಕೋರು ಧಾರಾಳವಾಗಿ ಉಣ್ಣಿ. ಸೊಪ್ಪುಗಳಲ್ಲಿ ಒಮೇಗಾ 3 ಕೊಬ್ಬು ಇಷ್ಟಿರೋದು ಅಪರೂಪ.

ಕಳೆ ಅಂತ ಕೀಳೋರಿಗೂ ಒಂದು ವಿಷಯ. ಗೋಣಿಯನ್ನ ಕಿತ್ತು ಸಾಲಲ್ಲೇ ಬಿಟ್ರೆ ಸಾಯಲ್ಲ. ನೀರಿಲ್ಲದಾಗ ಈ ಗಿಡ ಹಗಲು ಎಲೆರಂಧ್ರ ಮುಚ್ಚಿಕೊಂಡು ರಾತ್ರಿ ಗಾಳಿ ಎಳೆದುಕೊಳ್ಳೋ ಕ್ರಮಕ್ಕೆ ಹೊರಳಬಲ್ಲದು. ಕಿತ್ತ ಮೇಲೂ ಕಾಂಡದ ನೀರಲ್ಲೇ ಬದುಕಿ ಬೀಜ ಬಲಿಸುತ್ತೆ, ತುಂಡಾದ ಕಾಂಡ ತೇವ ಸಿಕ್ಕರೆ ಬೇರು ಬಿಡುತ್ತೆ. ಕಿತ್ತದ್ದನ್ನ ಮಂಕರಿಗೆ ತುಂಬಿ ಹೊಲದಿಂದ ಆಚೆ ಹಾಕಿ. ಹುಚ್ಚು ಗೋಣಿಯನ್ನಂತೂ ಬೀಜ ಕಟ್ಟೋ ಮುಂಚೆ, ಹೂ ಕಂಡ ವಾರದಲ್ಲೇ ಕೀಳಿ. ಚೀಲದೊಳಗಿನ ಕಾಯಿ ಮುಚ್ಚಳ ಬಿಚ್ಚಿ ಕಪ್ಪು ಬೀಜ ಉದುರಿದ ಮೇಲೆ ಕಿತ್ತು ಪ್ರಯೋಜನ ಇಲ್ಲ.