ಬೊಂಬೆ ಪಂಜರದಿಂದ ಹೊರಬಂದ ರಾತ್ರಿ

ನಮ್ಮ ಮನೆಯಲ್ಲಿ ನಾಯಿ ಸಾಕಬೇಕೋ ಬೇಡವೋ ಎಂಬ ಚರ್ಚೆ ಶುರುವಾಗುವ ಮೊದಲೇ ನಾಯಿ ಬಂದುಬಿಟ್ಟಿತ್ತು. ಮಳೆಗಾಲದ ಒಂದು ಸಂಜೆ ಕೆಂಗಲ್ಲಿನ ಹಳೆಯ ಹೆದ್ದಾರಿಯ ಪಕ್ಕದ ಚರಂಡಿಯಲ್ಲಿ ನೆನೆದು ನಡುಗುತ್ತಿದ್ದ ಮರಿಯನ್ನು ಮಗ ತನ್ನ ಶಾಲೆಯ ಚೀಲದಲ್ಲಿ ಹಾಕಿಕೊಂಡು ಬಂದ. ವಯಸ್ಸು ಹೆಚ್ಚೆಂದರೆ ಎರಡು ತಿಂಗಳು. ಚನ್ನಪಟ್ಟಣದ ಪಕ್ಕದಲ್ಲೇ ಇರುವ ನಮ್ಮ ಮಕ್ಕಳಿಗೆ ಹೆಸರು ಹುಡುಕುವುದು ಕಷ್ಟವಾಗಲಿಲ್ಲ. ‘ಬೊಂಬೆ’ ಎಂದರು.

ಕಷ್ಟವಾದದ್ದು ದಾದಿಮಾರನ್ನು ಒಪ್ಪಿಸುವುದು. ನಾಯಿ ಇರುವ ಮನೆಗೆ ಮಲಕ್‌ಗಳು ಬರುವುದಿಲ್ಲ, ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ನಮಾಝಿನ ಬಟ್ಟೆಗೆ ಅದರ ಜೊಲ್ಲು ತಗಲಬಾರದು. ಇದೆಲ್ಲ ಅವರು ಬಾಲ್ಯದಿಂದ ಕೇಳಿ ಬೆಳೆದ ಹದೀಸ್, ಮಸ್‌ಅಲಗಳು. ಬಾಯಾರಿದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತಂದು ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದ ಹದೀಸನ್ನು ನಾವು ನೆನಪಿಸಿದೆವು. ಅದೂ ಅವರಿಗೆ ಗೊತ್ತಿತ್ತು. “ನೀರು ಕುಡಿಸಬೇಡಿ ಅಂದೆನೇ? ಹಾಸಿಗೆ ಮೇಲೆ ಮಲಗಿಸಬೇಡಿ ಅಂದೆ” ಎಂದರು. ಕೊನೆಗೆ ಬೇಟೆಗೂ ಮಂದೆಗೂ ಹೊಲದ ಕಾವಲಿಗೂ ನಾಯಿ ಸಾಕಲು ಅನುಮತಿ ಇದೆಯೆಂಬ ಮಾತಿನ ಮೇಲೆ ರಾಜಿಯಾಯಿತು. ಕಾವಲಿಗೆ ಇರಲಿ, ಹೊಸ್ತಿಲು ದಾಟಕೂಡದು.

ಹಾಗಾದರೆ ಅಂಗಳದಲ್ಲಿ ಕಟ್ಟಬಹುದಿತ್ತು. ಆದರೆ ನಮ್ಮ ಸುತ್ತಲಿನದು ಬಂಡೆಗಳ ಸೀಮೆ. ‘ಶೋಲೆ’ ಚಿತ್ರದಲ್ಲಿ ದೇಶವೆಲ್ಲ ನೋಡಿದ ಈ ಬಂಡೆಗಳ ಸಂದಿಗಳಲ್ಲಿ ಚಿರತೆಗಳಿವೆ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಪುಟ್ಟ ಮಗುವೊಂದು ಬಲಿಯಾದ ಸುದ್ದಿ ನಮ್ಮ ಭಾಗದ ತಾಯಂದಿರ ನಿದ್ದೆ ಕೆಡಿಸಿತ್ತು. ಊರಂಚಿಗೆ ಬರುವ ಚಿರತೆಗೆ ಸುಲಭವಾಗಿ ಸಿಗುವ ಆಹಾರವೆಂದರೆ ನಾಯಿ. ಹಗ್ಗದಲ್ಲಿ ಕಟ್ಟಿದ ಮರಿಗೆ ಓಡುವುದಕ್ಕೂ ಆಗದು. ಆದ್ದರಿಂದ ಗ್ರಿಲ್ ಇರುವ ವರಾಂಡವೇ ಅದರ ಜಾಗವಾಯಿತು. ಬೆಂಗಳೂರಿನ ಬಂಧುವೊಬ್ಬರು ತಮ್ಮಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಕಂಬಿಯ ಕ್ರೇಟ್ ಕೊಟ್ಟರು. ನಾವು ಅದನ್ನು ಪಂಜರವೆಂದೇ ಕರೆದೆವು.

ಮೊದಲ ವಾರ ಬೊಂಬೆ ರಾತ್ರಿಯೆಲ್ಲ ಅತ್ತಿತು. ಪಂಜರದ ಮೇಲೆ ಹಳೆಯ ಚಾದರ ಹೊದಿಸಿ, ಒಳಗೆ ಗೋಣಿಚೀಲ ಹಾಸಿ, ಹಗಲಿನ ಊಟವನ್ನೂ ಅಲ್ಲೇ ಕೊಡತೊಡಗಿದ ಮೇಲೆ ಒಗ್ಗಿಕೊಂಡಿತು. ಅಷ್ಟು ಎಳೆಯ ಮರಿಗೆ ರಾತ್ರಿಯಿಡೀ ಮೂತ್ರ ತಡೆದುಕೊಳ್ಳಲಾಗುವುದಿಲ್ಲ. ಮೂರು ಗಂಟೆಗೊಮ್ಮೆ ಏಳಬೇಕು. ನಾವು ಸರದಿಯ ಮೇಲೆ ಎದ್ದೆವು. ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು ಹಾಕಿಸಿದೆವು. ಆರು ತಿಂಗಳಾಗುವಷ್ಟರಲ್ಲಿ ರಾತ್ರಿ ಹತ್ತಕ್ಕೆ ಒಮ್ಮೆ ಹೊರಗೆ ಕರೆದೊಯ್ದರೆ ಫಜ್ರ್ ಅಝಾನ್‌ವರೆಗೆ ಸುಮ್ಮನಿರುತ್ತಿತ್ತು.

ಅಷ್ಟರಲ್ಲಿ ಪಂಜರ ಸಾಲದಾಯಿತು. ಕಾಲು ಚಾಚಿದರೆ ಕಂಬಿಗೆ ತಾಗುತ್ತಿತ್ತು, ಹೊರಳಲು ಜಾಗವಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಾವಲಿಗೆಂದು ಅನುಮತಿ ಪಡೆದ ನಾಯಿಯನ್ನು ಚಿಲಕ ಹಾಕಿ ನಾವೇ ಕಾಯುತ್ತಿದ್ದೆವು. ಒಂದು ರಾತ್ರಿ, ಸಾಕು ಎಂದು, ಪಂಜರದ ಬಾಗಿಲು ತೆರೆದಿಟ್ಟು ಮಲಗಿದೆವು.

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆತನ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೊಂಡು, ಬಿಸಿನೀರಿನ ಬಾನಿಯಲ್ಲಿ ಬೇಯಿಸಿ, ಎಳೆ ಹಿಡಿದು ಸುತ್ತುವುದು ಅಜ್ಜನ ಕಾಲದ ಕಸುಬು. ಆ ದಿನ ಘಟಕದಿಂದ ತಂದ ತ್ಯಾಜ್ಯದ ಚೀಲವೊಂದು ವರಾಂಡದ ಮೂಲೆಯಲ್ಲಿತ್ತು. ಸಿಕ್ಕುಬಿದ್ದ ಎಳೆ, ಜೊತೆಗೆ ಬೆಂದ ಹುಳುವಿನ ವಾಸನೆ. ನಮಗೆ ಅಭ್ಯಾಸವಾಗಿ ಹೋಗಿರುವ ಆ ವಾಸನೆ ನಾಯಿಗೆ ಊಟದ ಕರೆ. ರಾತ್ರಿ ಎರಡರ ಸುಮಾರಿಗೆ ಕೆಮ್ಮಿದ ಸದ್ದು ಕೇಳಿ ಎದ್ದು ನೋಡಿದರೆ ಚೀಲ ಹರಿದಿದೆ, ಬೊಂಬೆಯ ಬಾಯಿಯಿಂದ ಎಳೆ ಜೋತಾಡುತ್ತಿದೆ.

ನಮ್ಮಲ್ಲಿ ಒಬ್ಬರು ಎಳೆಯಲು ಕೈ ಚಾಚಿದರು. ಪಕ್ಕದ ಮನೆಯ ಹೈನುಗಾರರು ಗದ್ದಲ ಕೇಳಿ ಟಾರ್ಚ್ ಹಿಡಿದು ಬಂದವರು, “ಎಳೀಬೇಡಿ, ಎಳೀಬೇಡಿ” ಎಂದು ಕೂಗಿದರು. ಆ ಮಾತೇ ಅದನ್ನು ಉಳಿಸಿತು. ಬೆಳಿಗ್ಗೆ ಪಶುವೈದ್ಯರು ವಿವರಿಸಿದರು. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯೊಳಗೋ ಸಿಕ್ಕಿಕೊಂಡರೆ, ಕರುಳು ಆ ದಾರದ ಮೇಲೆ ನೆರಿಗೆಯಂತೆ ಮುದುಡಿಕೊಳ್ಳುತ್ತದೆ. ಬಿಗಿಯಾದ ದಾರ ಕರುಳನ್ನೇ ಕೊಯ್ಯಬಹುದು. ಹೊರಗಿನಿಂದ ಎಳೆದರೆ ಅಪಾಯ ಇನ್ನೂ ಹೆಚ್ಚು. ಅವರು ನಾಲಿಗೆ ಎತ್ತಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ವಾಂತಿ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಎಂದರು. ಎರಡು ದಿನ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ದಾದಿಮಾ ಏನೂ ಹೇಳಲಿಲ್ಲ, ಆದರೆ ತಸ್ಬೀಹ್ ಕೈಯಿಂದ ಇಳಿಯಲಿಲ್ಲ. ಮೂರನೆಯ ದಿನ ಎಳೆಯ ಉಂಡೆ ತಾನಾಗಿ ಹೊರಬಂತು. ಅಲ್‌ಹಮ್ದುಲಿಲ್ಲಾಹ್ ಎಂದೆವು.

ಆಮೇಲೆ ಒಂದು ತಿಂಗಳು ಪಂಜರಕ್ಕೆ ಎರಡು ಚಿಲಕ. “ಅದಕ್ಕೆ ಬುದ್ಧಿಯಿಲ್ಲ, ನಂಬುವಂತಿಲ್ಲ” ಎಂದುಕೊಂಡೆವು. ಒಂದು ದಿನ ದಾದಿಮಾರೇ ಕೇಳಿದರು: “ಚೀಲ ಅಲ್ಲಿಟ್ಟವರು ಯಾರು?”

ನಮ್ಮಲ್ಲಿ ಉತ್ತರವಿರಲಿಲ್ಲ. ತಪ್ಪು ನಮ್ಮದು, ಶಿಕ್ಷೆ ಬೊಂಬೆಗೆ.

ಎರಡನೆಯ ಸಲ ಅವಸರ ಮಾಡಲಿಲ್ಲ. ಮೊದಲು ವರಾಂಡವನ್ನು ನಾಯಿಯ ಕಣ್ಣಿನಿಂದ ನೋಡಿದೆವು. ನೆಲದ ಮೇಲೆ ಕುಳಿತು, ಅದರ ಬಾಯಿಗೆ ಎಟಕುವುದೆಲ್ಲವನ್ನೂ ತೆಗೆದೆವು: ಚಪ್ಪಲಿ, ವೈರು, ಇಲಿ ಪಾಷಾಣ, ಮಕ್ಕಳ ಅರಗಿನ ಬಣ್ಣದ ಬೊಂಬೆಗಳು. ಗ್ರಿಲ್ಲಿನ ಕೆಳಗಿನ ಸಂದಿಗೆ ಜಾಲರಿ ಬಿಗಿದೆವು. ಸಂಜೆ ಚೆನ್ನಾಗಿ ಓಡಾಡಿಸಿ, ಊಟ ಬೇಗ ಮುಗಿಸಿ, ಕಚ್ಚಲು ಗಟ್ಟಿ ರಬ್ಬರಿನ ಉಂಗುರವೊಂದನ್ನು ಕೊಟ್ಟೆವು. ಮೊದಲು ನಾವು ಎಚ್ಚರವಿದ್ದಾಗ ಅರ್ಧ ಗಂಟೆ ಬಾಗಿಲು ತೆರೆದಿಟ್ಟೆವು. ಆಮೇಲೆ ಒಂದು ಗಂಟೆ, ಆಮೇಲೆ ಮಧ್ಯಾಹ್ನದ ನಿದ್ದೆಯ ಹೊತ್ತು. ಪಂಜರವನ್ನು ಮಾತ್ರ ಅಲ್ಲಿಂದ ಕದಲಿಸಲಿಲ್ಲ, ಹಾಸಿಗೆಯನ್ನು ಬದಲಿಸಲಿಲ್ಲ. ಒಂದೇ ಸಲ ಎಲ್ಲವನ್ನೂ ಕಿತ್ತುಕೊಂಡರೆ ಮರಿಗೆ ಅದು ಬಿಡುಗಡೆಯಲ್ಲ, ಮನೆ ಕಳೆದುಕೊಂಡ ಹಾಗೆ.

ಇಡೀ ರಾತ್ರಿ ತೆರೆದಿಡುವ ಧೈರ್ಯ ಮಾತ್ರ ಬರಲಿಲ್ಲ. ಇವತ್ತು ಬೇಡ, ನಾಳೆ ನೋಡೋಣ ಎಂದು ದಿನ ದೂಡಿದೆವು.

ಅದೊಂದು ಶುಕ್ರವಾರ. ದಾದಿಮಾ ವಾಡಿಕೆಯಂತೆ ಸೂರಃ ಕಹ್ಫ್ ಓದಿದ್ದರು. ತಮ್ಮ ನಂಬಿಕೆ ಉಳಿಸಿಕೊಳ್ಳಲು ಗುಹೆ ಸೇರಿ ವರ್ಷಗಟ್ಟಲೆ ಮಲಗಿದ ಯುವಕರ ಕಥೆ ಅದರಲ್ಲಿದೆ. ಅವರ ಜೊತೆ ಒಂದು ನಾಯಿಯಿತ್ತು, ಅದು ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿತ್ತು ಎಂದು ಕುರ್‌ಆನ್ ಹೇಳುತ್ತದೆ. ಜನರ ಬಾಯಲ್ಲಿ ಅದರ ಹೆಸರು ಕಿತ್ಮೀರ್. ಆ ರಾತ್ರಿ ದಾದಿಮಾ ಹೊಸ್ತಿಲ ಬಳಿ ನಿಂತು, “ಅದೂ ಒಳಗೆ ಹೋಗಲಿಲ್ಲ, ಹೊರಗೂ ಉಳಿಯಲಿಲ್ಲ” ಎಂದರು. ತಮ್ಮ ಕೋಲಿನ ತುದಿಯಿಂದ ಪಂಜರದ ಚಿಲಕ ಸರಿಸಿ ಮಲಗಲು ಹೋದರು.

ನಾವು ಮಲಗಲಿಲ್ಲ. 2023ರಲ್ಲಿ ಹೊಸ ಹೆದ್ದಾರಿ ಊರಿನಾಚೆ ಹೋದ ಮೇಲೆ ನಮ್ಮ ರಸ್ತೆಯಲ್ಲಿ ರಾತ್ರಿ ಲಾರಿಗಳ ಸದ್ದು ಕಡಿಮೆಯಾಗಿದೆ. ಸಣ್ಣ ಸದ್ದೂ ಕೇಳಿಸುತ್ತದೆ. ಬೊಂಬೆ ಎದ್ದ ಸದ್ದು, ಉಗುರು ನೆಲಕ್ಕೆ ತಾಗಿದ ಸದ್ದು, ಗ್ರಿಲ್ಲಿನವರೆಗೆ ಹೋಗಿ ಮೂಸಿದ ಸದ್ದು. ಆಮೇಲೆ ಉಸ್ಸೆಂದು ಮಲಗಿದ ಸದ್ದು. ಫಜ್ರ್‌ಗೆ ಬಾಗಿಲು ತೆರೆದಾಗ ಹೊಸ್ತಿಲಿಗೆ ಬೆನ್ನು ಕೊಟ್ಟು, ಮುಖವನ್ನು ರಸ್ತೆಯ ಕಡೆಗಿಟ್ಟು ಮಲಗಿತ್ತು. ಏನನ್ನೂ ಹರಿದಿರಲಿಲ್ಲ.

ಗೂಡಿನಿಂದ ಚಿಟ್ಟೆ ಹೊರಬಂದರೆ ನಮಗೆ ನಷ್ಟ. ತೂತಾದ ಗೂಡಿನ ಎಳೆ ತುಂಡಾಗುತ್ತದೆ, ನೂಲಿಗೆ ಬಾರದು. ಅದಕ್ಕೆ ಮೊದಲೇ ಗೂಡನ್ನು ಬೇಯಿಸುವುದು ನಮ್ಮ ಹೊಟ್ಟೆಪಾಡು. ಒಳಗಿರುವುದು ಒಳಗೇ ಇದ್ದರೆ ಕ್ಷೇಮ ಎಂಬ ಲೆಕ್ಕ ಕಸುಬಿನಲ್ಲಿ ಸರಿಯಿರಬಹುದು, ಮನೆಯಲ್ಲಿ ಅಲ್ಲ. ದೊಡ್ಡವರಾಗುತ್ತಿರುವ ಮಕ್ಕಳ ವಿಷಯದಲ್ಲೂ ನಾವು ಎಷ್ಟು ಸಲ ಚೀಲವನ್ನು ಎತ್ತಿಡುವ ಬದಲು ಚಿಲಕ ಹಾಕಿದ್ದೇವೆ ಎಂದು ಈಗ ಯೋಚಿಸುತ್ತೇವೆ.

ಪಂಜರ ಇನ್ನೂ ವರಾಂಡದಲ್ಲಿದೆ, ಬಾಗಿಲು ಕಳಚಿದ್ದೇವೆ. ಗುಡುಗು ಬಂದ ರಾತ್ರಿ ಬೊಂಬೆ ಕಾಲು ಮುದುಡಿಕೊಂಡು ಅದರೊಳಗೆ ಹೋಗಿ ಮಲಗುತ್ತದೆ. ಗುಡುಗು ನಿಂತ ಮೇಲೆ ತಾನೇ ಎದ್ದು ಹೊಸ್ತಿಲಿಗೆ ಬರುತ್ತದೆ.