ತೇರಿನ ಸಂದಣಿ, ಹಡಗಿನ ಸಂದಣಿ

ಅಳವಂಡಿಯ ಹಿರಿಯರೊಬ್ಬರನ್ನು ಅಮೆರಿಕೆಯಲ್ಲಿರುವ ಮಗನು ಹಡಗಿನ ವಿಹಾರಕ್ಕೆ ಕರೆದನು. ಮಯಾಮಿಯಿಂದ 2024ರಲ್ಲಿ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ 20 ಅಂತಸ್ತಿನ ನೌಕೆ. ಸುಮಾರು 7,600 ಪ್ರಯಾಣಿಕರನ್ನು ಹೊರಬಲ್ಲುದು. ‘ಅಷ್ಟು ಮಂದಿಯ ನಡುವೆ ಉಸಿರಾಡುವುದೆಂತು?’ ಎಂದು ಹಿರಿಯರು ಹಿಂಜರಿದರು.

ಪುಷ್ಯಮಾಸದಲ್ಲಿ ಕೊಪ್ಪಳದ ಗವಿಸಿದ್ಧೇಶ್ವರನ ತೇರಿಗೆ ಲಕ್ಷಾಂತರ ಜನ ನೆರೆದಾಗ ಅವರಿಗೆಂದೂ ಉಸಿರು ಕಟ್ಟಿರಲಿಲ್ಲ. ಜಾತ್ರೆಗೆ ಹೋಗುವವನು ಜನರನ್ನೇ ಅರಸಿ ಹೋಗುತ್ತಾನೆ. ಸಾಕೆನಿಸಿದರೆ ಊರ ದಾರಿ ತೆರೆದಿರುತ್ತದೆ. ನೌಕೆಯೇರಿದವನಾದರೋ ಕಡಲಿನ ಏಕಾಂತವನ್ನು ಬಯಸಿದವನು. ಊಟದ ವೇಳೆಗೂ ಬಂದರಿನಲ್ಲಿ ಇಳಿಯುವ ಗಳಿಗೆಗೂ ಸಾಲಿನಲ್ಲಿ ನಿಲ್ಲಬೇಕು. ಬೇಸತ್ತು ಹೊರಡುವೆನೆಂದರೆ ಸುತ್ತಲೂ ನೀರು. ಇಕ್ಕಟ್ಟು ತಲೆಗಳ ಎಣಿಕೆಯಲ್ಲಿಲ್ಲ, ಬಂದವನ ಬಯಕೆಯಲ್ಲಿದೆ.

ಹಿರಿಯರಿಗೆ ಏಕಾಂತವು ಮನೆಯಲ್ಲಿಯೇ ಸಾಕಷ್ಟಿತ್ತು. ಮಗನ ಮುಖ ಕಂಡು ಐದು ವರ್ಷಗಳಾಗಿದ್ದವು. ‘ಬರುತ್ತೇನೆ’ ಎಂದು ತಿಳಿಸಿದರು.