ಕೊನೆಯ ಲೋಕಲ್ಲು ಹೋದ ಮೇಲೆ

ನಾವಿರುವುದು ಠಾಣೆಯಲ್ಲಿ, ರೈಲು ಹಳಿಯ ಮಗ್ಗುಲಲ್ಲೇ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ಗಾಡಿ ಬೋರಿಬಂದರಿನಿಂದ 34 ಕಿಲೋಮೀಟರು ಓಡಿ ಬಂದು ನಿಂತದ್ದು ಈ ಊರಲ್ಲೇ. ಗಾಡಿಗಳ ಗಡಗಡ ಸದ್ದಿನಲ್ಲಿ ನಮ್ಮ ಎರಡು ತಿಂಗಳ ಕೂಸು ಸುಖವಾಗಿ ನಿದ್ರಿಸುತ್ತದೆ. ನಡುರಾತ್ರಿ ಕಳೆದು, ಕೊನೆಯ ಲೋಕಲ್ಲು ಹೋಗಿ ಊರು ತಣ್ಣಗಾಯಿತೋ, ಎದ್ದು ರಂಪ!

ಎಳೆಗೂಸಿಗೆ ಹಗಲಿರುಳಿನ ಭೇದ ತಿಳಿಯಲು ಎರಡು ಮೂರು ತಿಂಗಳಾದರೂ ಬೇಕಂತೆ. ಆಫೀಸಿನ ಹಾಜರಿಗೆ ಅಷ್ಟು ತಾಳ್ಮೆಯೆಲ್ಲಿ? ಊರಲ್ಲಾದರೆ ಅಜ್ಜಿ, ಅತ್ತೆ, ತೂಗುವ ಕೈ ಹತ್ತು. ಇಲ್ಲಿ ನಾವಿಬ್ಬರೇ, ಎರಡೂವರೆಯವರೆಗೆ ಒಬ್ಬರು, ಆಮೇಲೆ ಮತ್ತೊಬ್ಬರು, ಕೂಸನ್ನು ಹೆಗಲಿಗೆ ಹಾಕಿಕೊಂಡು ಗ್ಯಾಲರಿಯಲ್ಲಿ ಶತಪಥ.

ಮೊನ್ನೆ ರಾತ್ರಿ ಎದುರು ಖೋಲಿಯ ಮರಾಠಿ ಆಜಿ ಬಾಗಿಲು ತಟ್ಟಿದಾಗ ಬೈಸಿಕೊಳ್ಳಲು ಸಿದ್ಧರಾದೆವು. ಅವರು ಕೂಸನ್ನೆತ್ತಿಕೊಂಡು ‘ಝೋಪಾ ಆತಾ’ ಎಂದರು, ಕೂಸಿಗಲ್ಲ, ನಮಗೆ.